ತಾಯಂದಿರ ನಾಡಿಗೆ ಬಂದ ಕುರ್ಚಿ

ಚಿತ್ರಶಾಲೆಯ ಬಾಗಿಲು ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ. ಕುಲಿಪಾ ಒಂಬತ್ತೂವರೆಗೇ ಬಂದು, ಮೇಲಂಗಿಯನ್ನು ಗೂಟಕ್ಕೆ ಹಾಕಿ, ತಾನು ಕಾಯುವ ಮೂರನೆಯ ಕೋಣೆಗೆ ಹೋಗಿ ತನ್ನ ಕುರ್ಚಿಯನ್ನು ತಲೆಕೆಳಗು ಮಾಡುತ್ತಾಳೆ. ಒದ್ದೆ ಬಟ್ಟೆಯಿಂದ ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಒರೆಸುತ್ತಾಳೆ. ನೆಟ್ಟಗೆ ನಿಲ್ಲಿಸಿ, ಅಂಗೈಯಿಂದ ಒತ್ತಿ, ಅಲುಗಾಡುತ್ತದೆಯೇ ಎಂದು ನೋಡುತ್ತಾಳೆ. ಅದು ಅಲುಗಾಡುವುದಿಲ್ಲ. ಆಮೇಲೆ ‘ಬಿಸ್ಮಿಲ್ಲಾ’ ಎಂದು ಮೆಲ್ಲಗೆ ಹೇಳಿ, ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಇದು ತಪ್ಪಿದ್ದಿಲ್ಲ. ಈ ನಡುವೆ ಇಲ್ಲಿ, ರಾಜಧಾನಿ ಬಿಷ್ಕೆಕ್‌ನಲ್ಲಿ, ಎರಡು ಸಲ ಸರ್ಕಾರ ಉರುಳಿತು. ಎರಡು ಸಲವೂ ಅವಳು ಕುರ್ಚಿ ಒರೆಸಿಯೇ ಕೂತಳು. ಅಂಥ ದಿನ ಚಿತ್ರ ನೋಡಲು ಬಂದವರು ಇಬ್ಬರೇ. ಅವರೂ ಗುಂಡಿನ ಸದ್ದಿಗೆ ಹೆದರಿ ಒಳಗೆ ನುಗ್ಗಿದವರು.

ಕುರ್ಚಿ ಚಿತ್ರಶಾಲೆಯದಲ್ಲ, ಅವಳದೇ. ಹದಿನೆಂಟು ವರ್ಷ ಅವಳು ಹೊಲಿಗೆ ಕಾರ್ಖಾನೆಯಲ್ಲಿ ಅದರ ಮೇಲೆ ಕೂತು ಸೈನಿಕರ ಕೋಟುಗಳಿಗೆ ತೋಳು ಹೊಲಿದಿದ್ದಳು. ಅವಳು ಗಿಡ್ಡ. ಪಾದ ನೆಲಕ್ಕೆ ಎಟುಕಲೆಂದು ಅಲ್ಲಿನ ಬಡಗಿ ಕುರ್ಚಿಯ ಕಾಲುಗಳನ್ನು ಎರಡು ಬೆರಳಷ್ಟು ಕತ್ತರಿಸಿಕೊಟ್ಟಿದ್ದ. ಕಾರ್ಖಾನೆ ಮುಚ್ಚಿದ ದಿನ ಹೆಂಗಸರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಒಬ್ಬಳು ಯಂತ್ರವನ್ನೇ ಹೊತ್ತಳು, ಇನ್ನೊಬ್ಬಳು ಅಸ್ತರಿನ ಬಟ್ಟೆಯ ಸುರುಳಿಯನ್ನು. ಇಂಥದ್ದರಲ್ಲಿ ಕುಲಿಪಾ ಯಾವಾಗಲೂ ತಡ. ಅವಳಿಗೆ ಉಳಿದದ್ದು ಅವಳು ಕೂತಿದ್ದ ಕುರ್ಚಿ.

ಈಗ ಅವಳಿಗೆ ಅರವತ್ತಮೂರು. ಒಂದು ಚಳಿಗಾಲ ಹಿಮಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ಎಡಮಂಡಿ ಮಡಿಸಲು ಬರುವುದಿಲ್ಲ, ಹೆಚ್ಚು ಹೊತ್ತು ನಿಂತರೆ ಕುಂಬಳಕಾಯಿಯಂತೆ ಊದುತ್ತದೆ. ಮಧ್ಯಾಹ್ನದ ನಮಾಜನ್ನೂ ಅವಳು ಆ ಕುರ್ಚಿಯ ಮೇಲೆಯೇ ಮಾಡುತ್ತಾಳೆ. ಅದನ್ನು ಕಿಟಕಿಯ ಪಕ್ಕದ ಕಂಬದ ಮರೆಗೆ ಎಳೆದುಕೊಂಡರೆ ಆಯಿತು. ಆ ಹತ್ತು ನಿಮಿಷ ಎರಡನೆಯ ಕೋಣೆಯ ಗುಲ್ಬೂಬು ಎರಡೂ ಕಡೆ ಕಣ್ಣಿಡುತ್ತಾಳೆ. ಮಂಡಿ ಬಗ್ಗದಿದ್ದರೂ ಪರವಾಗಿಲ್ಲ, ತಲೆ ಬಗ್ಗಿದರೆ ಸಾಕು ಎಂದು ಮುಲ್ಲಾ ಹೇಳಿದ್ದಾನೆ. ಹೀಗಾಗಿ ಆ ಕುರ್ಚಿ ಇದ್ದರೆ ಕುಲಿಪಾಗೆ ಕೆಲಸ ಉಂಟು, ಪ್ರಾರ್ಥನೆ ಉಂಟು. ಇಲ್ಲದಿದ್ದರೆ ಎರಡೂ ಕಷ್ಟ.

ಇಂಥವಳ ಕೋಣೆಗೆ ಆ ವರ್ಷ ಅಕ್ಟೋಬರಿನಲ್ಲಿ ‘ತಾಯಂದಿರ ನಾಡು’ ಬಂದಿತು.

ಸುದ್ದಿ ತಂದವಳು ಗುಲ್ಬೂಬು. ಅವಳ ಬಾಯಿಗೆ ಬೀಗವಿಲ್ಲ, ದೊಡ್ಡವರ ಮುಂದೆ ಬೆನ್ನಿಗೆ ಎಲುಬೂ ಇಲ್ಲ. ಬೆಗಿಮಾಯ್ ಎಂಬ ಕಲಾವಿದೆ, ಜರ್ಮನಿಯಲ್ಲಿ ಕಲಿತವಳು, ಮುನ್ನೂರು ವರ್ಷದಾಚೆಯ ಕಾಲವನ್ನು ಇಲ್ಲಿ ಕಟ್ಟುತ್ತಾಳಂತೆ. ಆ ಕಾಲದಲ್ಲಿ ಹೆಂಗಸರೇ ಆಳುತ್ತಾರಂತೆ. ಯುದ್ಧವಿಲ್ಲ, ಬೀಗವಿಲ್ಲ, ಮೇಲು ಕೀಳು ಇಲ್ಲ.

“ಹೆಂಗಸರು ಆಳೋದಕ್ಕೆ ಮುನ್ನೂರು ವರ್ಷ ಯಾಕೆ ಬೇಕು? ಇಲ್ಲಿ ಆಳ್ತಾ ಇರೋರು ಯಾರು, ಸಪಾರನಾ?” ಎಂದಳು ಕುಲಿಪಾ.

ಸಪಾರ್ ಆ ಕಟ್ಟಡದಲ್ಲಿದ್ದ ಒಬ್ಬನೇ ಗಂಡಸು. ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಒಲೆ ನೋಡಿಕೊಳ್ಳುವುದು ಅವನ ಕೆಲಸ, ನಿದ್ದೆ ಮಾಡುವುದು ಅವನ ಹವ್ಯಾಸ. ಉಳಿದಂತೆ ಮುಖ್ಯಸ್ಥೆ ರೋಜಾ ತೆಮಿರೊವ್ನಾ ಹೆಂಗಸು, ಲೆಕ್ಕದವಳು ಹೆಂಗಸು, ಟಿಕೆಟ್ ಕೊಡುವವಳು ಹುಡುಗಿ, ಕಸ ಗುಡಿಸುವವರೂ ಹೆಂಗಸರೇ. ಇದ್ದ ಒಂದು ಒಳ್ಳೆಯ ಬಕೆಟ್ಟಿಗಾಗಿ ಅವರು ವಾರಕ್ಕೊಮ್ಮೆ ಜಗಳವಾಡುತ್ತಿದ್ದರು. ಹೊಲಿಗೆ ಕಾರ್ಖಾನೆಯೂ ಹೆಂಗಸರ ರಾಜ್ಯವೇ ಆಗಿತ್ತು. ಕುಲಿಪಾ ಹುಟ್ಟಿದಾಗಿನಿಂದ ಅಂಥ ರಾಜ್ಯ ಬಿಟ್ಟು ಹೊರಗೆ ಹೋದವಳೇ ಅಲ್ಲ. ಅದರ ಚಿತ್ರ ಬರೆದು ತನಗೆ ತೋರಿಸುತ್ತಾರೆ ಎಂದಾಗ, ಕುರಿ ಕಾಯುವವನಿಗೆ ಕುರಿಯ ಚಿತ್ರ ತೋರಿಸಿದಂತೆ ಆಯಿತು ಅವಳಿಗೆ.

ಎರಡು ವಾರ ಸುತ್ತಿಗೆಯ ಸದ್ದು. ಮೂರನೆಯ ಕೋಣೆಯ ಹಳೆಯ ಚಿತ್ರಗಳನ್ನೆಲ್ಲ ಕೆಳಗಿಳಿಸಿದರು. ನಡುವೆ ಒಂದು ಗುಡಾರ ಎದ್ದಿತು. ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಹಾಕುವಂಥದೇ ದುಂಡು ಗುಡಾರ, ಆದರೆ ಉಣ್ಣೆಯ ಬದಲು ಆಚೆ ಈಚೆ ಕಾಣುವ ಪ್ಲಾಸ್ಟಿಕ್ಕು, ಮರದ ಬದಲು ಬೆಳ್ಳಿ ಬಣ್ಣದ ಕೊಳವೆ. ಬಾಗಿಲ ಜಾಗದಲ್ಲಿ ಬಾಗಿಲಿಲ್ಲ. ಸುತ್ತ ಗೋಡೆಯ ತುಂಬ ದೊಡ್ಡ ದೊಡ್ಡ ಪರದೆಗಳು. ಅವುಗಳಲ್ಲಿ ಬೆಳ್ಳಿ ಉಡುಪಿನ ಹೆಂಗಸರು ಮೆಲ್ಲಗೆ ನಡೆಯುತ್ತಾರೆ, ಮೆಲ್ಲಗೆ ತಿರುಗುತ್ತಾರೆ, ಹಣೆಯಲ್ಲಿ ದೀಪ ಮಿನುಗುತ್ತದೆ. ಕುಲಿಪಾ ಒಂದು ಇಡೀ ದಿನ ನೋಡಿದಳು. ನೋಡುವುದೇ ಅವಳ ಕೆಲಸ. ಯಾರ ಕೈಯಲ್ಲೂ ಒಂದು ಬಕೆಟ್ಟಿಲ್ಲ. ಯಾರ ಸೊಂಟದಲ್ಲೂ ಮಗುವಿಲ್ಲ. ಒಬ್ಬಳೂ ಕೆಮ್ಮುವುದಿಲ್ಲ, ಒಬ್ಬಳೂ ದಪ್ಪಗಿಲ್ಲ. ಮುಖ್ಯವಾಗಿ ಒಬ್ಬಳೂ ಮುದುಕಿಯಿಲ್ಲ.

ಅದನ್ನು ಬೆಗಿಮಾಯ್‌ಳನ್ನೇ ಕೇಳಿದಳು. ಬೆಗಿಮಾಯ್‌ಗೆ ಮೂವತ್ತನಾಲ್ಕು ಇರಬಹುದು. ಉಡುಪು ಮಠದವರದ್ದರ ಹಾಗೆ ಸಾದಾ, ಅದರ ಬೆಲೆ ಮಾತ್ರ ಸಾದಾ ಅಲ್ಲ. ಆ ಕಾಲದಲ್ಲಿ ವಯಸ್ಸು ಎಂಬುದೇ ಇರುವುದಿಲ್ಲ ಎಂದು ಅವಳು ನಕ್ಕು ವಿವರಿಸಿದಳು. ಕುಲಿಪಾ ತಲೆಯಾಡಿಸಿದಳು. ಮುದುಕಿಯರನ್ನು ಸಾಯಿಸಿಬಿಟ್ಟು ನಾಡು ಕಟ್ಟುವುದಾದರೆ ಕಷ್ಟವೇನಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಗುಡಾರದೊಳಗೆ ಬಾಗಿಲಿಗೆ ನೇರ ಎದುರು, ‘ತ್ಯೋರ್’ನಲ್ಲಿ, ಅಂದರೆ ಯಾವ ಮನೆಯಲ್ಲೂ ಬಂದವರಲ್ಲಿ ಎಲ್ಲರಿಗಿಂತ ಹಿರಿಯರು ಕೂರುವ ಜಾಗದಲ್ಲಿ, ಒಂದು ಮೊಳ ಎತ್ತರದ ಪೀಠ ಇಟ್ಟರು. ಅದರ ಮೇಲೆ ಬಿಳಿ ಉಣ್ಣೆಯ ದಪ್ಪ ಹಾಸು, ಅಂಚಿಗೆ ಕೆಂಪು ಕುರಿಕೊಂಬಿನ ಚಿತ್ತಾರ. ಆ ಇಡೀ ಕೋಣೆಯಲ್ಲಿ ಕುಲಿಪಾ ಮೆಚ್ಚಿದ್ದು ಅದೊಂದನ್ನೇ. ನರಿನ್ ಕಡೆಯ ಬೆಟ್ಟದ ಹಳ್ಳಿಯೊಂದರ ಹೆಂಗಸರು ಎರಡು ತಿಂಗಳು ಬಿಸಿನೀರು ಸುರಿದು, ತುಳಿದು, ಉರುಳಿಸಿ ಮಾಡಿದ್ದು. ಪೀಠದ ಮೇಲೆ ಯಾರೂ ಕೂರುವಂತಿಲ್ಲ; ನಾಯಕಿ ನಮ್ಮಲ್ಲಿ ಯಾರು ಬೇಕಾದರೂ ಆಗಬಹುದು, ಅದಕ್ಕೇ ಅದು ಖಾಲಿ ಎಂದು ಬೆಗಿಮಾಯ್ ಹೇಳಿದಳು. ಮುಟ್ಟಬೇಡಿ ಎಂಬ ಫಲಕವನ್ನೂ ಹಾಕಿದಳು. ಫಲಕ ಇಂಗ್ಲಿಷಿನಲ್ಲಿತ್ತು.

ಎಲ್ಲ ಮುಗಿದ ಮೇಲೆ ಅವಳು ಕೋಣೆಯ ನಡುವೆ ನಿಂತು ಕಣ್ಣು ಕಿರಿದು ಮಾಡಿ ಸುತ್ತ ನೋಡಿದಳು. ನೋಟ ಬಂದು ಕುರ್ಚಿಯ ಮೇಲೆ ನಿಂತಿತು.

“ಎಜೆ, ಒಂದು ಮಾತು,” ಎಂದಳು. ಊರಿನಲ್ಲಿ ಅಕ್ಕನ ವಯಸ್ಸಿನವರನ್ನು, ಏನಾದರೂ ಬೇಕಾದಾಗ ತಾಯಿಯ ವಯಸ್ಸಿನವರನ್ನೂ ಹಾಗೆ ಕರೆಯುತ್ತಾರೆ. “ಈ ಕುರ್ಚಿ ಇಲ್ಲಿ ಇರೋ ಹಾಗಿಲ್ಲ.”

“ಯಾಕೆ ತಾಯಿ, ನಿನ್ನ ಕಾಲಿಗೆ ತಾಗ್ತಾ?”

“ಹಾಗಲ್ಲ. ಇಲ್ಲಿ ಕಾವಲಿನವರು ಕೂತಿದ್ರೆ ನೋಡೋರಿಗೆ ಹಳೇ ಕಾಲ ನೆನಪಾಗುತ್ತೆ. ತಾಯಂದಿರ ನಾಡಲ್ಲಿ ಕಾವಲೇ ಇಲ್ಲ. ಯಾರೂ ಯಾರನ್ನೂ ಕಾಯೋದಿಲ್ಲ.”

“ಒಳ್ಳೇದಾಯ್ತು. ಹಾಗಾದ್ರೆ ನಾನು ಮನೆಗೆ ಹೋಗ್ಲಾ?”

“ಇಲ್ಲ ಇಲ್ಲ, ನೀವು ಇರಲೇಬೇಕು. ಪರದೆಗಳು ತುಂಬ ಬೆಲೆಯವು, ಯಾರಾದ್ರೂ ಮುಟ್ಟಿದ್ರೆ? ನೀವು ಇರಿ ಎಜೆ, ಆದ್ರೆ ಕಾಣಬಾರದು. ಆ ಕಂಬದ ಹಿಂದೆ ನಿಂತ್ಕೊಂಡ್ರೆ ಸಾಕು.”

ಕುಲಿಪಾ ರೋಜಾ ತೆಮಿರೊವ್ನಾಳ ಕೋಣೆಗೆ ಹೋದಳು. ಮುಖ್ಯಸ್ಥೆ ಕೆಟ್ಟವಳಲ್ಲ, ಎಲ್ಲ ಕಡೆಯಿಂದಲೂ ಬೈಸಿಕೊಂಡು ದಣಿದವಳು. ಕುಲಿಪಾಳ ಮಂಡಿಯ ಕಥೆ ಅವಳಿಗೆ ಗೊತ್ತಿತ್ತು. ಆದರೂ ಕಿಟಕಿಯ ಕಡೆ ನೋಡುತ್ತ ಮಾತಾಡಿದಳು. ಈ ಪ್ರದರ್ಶನದ ಹಿಂದೆ ಹೊರದೇಶದವರಿದ್ದಾರೆ, ಅವರಿಗೆ ಮೆಚ್ಚಿಗೆಯಾದರೆ ಸೋರುವ ಮಾಡು ರಿಪೇರಿಯಾಗುತ್ತದೆ, ಆರೇ ವಾರ. ನಿಲ್ಲಲು ಆಗುವುದೇ ಇಲ್ಲ ಎಂದರೆ ಹೇಳಲಿ, ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ. ಕೊನೆಯ ಮಾತನ್ನು ಅವಳು ಬಹಳ ಮೆತ್ತಗೆ ಆಡಿದಳು. ಕುಲಿಪಾಗೆ ಅದು ಕೇಳಿಸಬೇಕಾದಷ್ಟು ಕೇಳಿಸಿತು.

ಕೋಣೆ ಬದಲಾಯಿಸಿಕೊಳ್ಳೋಣವೇ ಎಂದು ಗುಲ್ಬೂಬುವನ್ನು ಕೇಳಿದಳು. ಬಕೆಟ್ಟಿನ ಜಗಳದಲ್ಲಿ ಅವಳ ಪರ ಹತ್ತು ಸಲ ನಿಂತವಳು ಕುಲಿಪಾ. ಗುಲ್ಬೂಬು ತನ್ನ ಬೆನ್ನಿಗೆ ಕೈಯಿಟ್ಟುಕೊಂಡು ಮುಖ ಹಿಂಡಿದಳು. “ನಿನ್ನ ಜಾಗಕ್ಕೆ ಬರದೇ ಇರ್ತೀನಾ ಎಜೆ? ಆದ್ರೆ ಈ ಬೆನ್ನು ನೋಡು.” ಆ ಬೆನ್ನು ಹಿಂದಿನ ದಿನವಷ್ಟೇ ಬಜಾರಿನಿಂದ ಅರ್ಧ ಮೂಟೆ ಆಲೂಗಡ್ಡೆ ಹೊತ್ತು ತಂದಿತ್ತು.

ಸಪಾರ್ ಕುರ್ಚಿಯನ್ನು ಹೆಗಲ ಮೇಲಿಟ್ಟುಕೊಂಡು ನೆಲಮಾಳಿಗೆಗೆ ಇಳಿದ. ಒಡೆದ ಚೌಕಟ್ಟುಗಳ ನಡುವೆ ಇಟ್ಟ. ಇಪ್ಪತ್ತೆರಡು ಮೆಟ್ಟಿಲು. ಕುಲಿಪಾ ದಿನಾ ಬೆಳಿಗ್ಗೆ ಗೋಡೆ ಹಿಡಿದು ಅಷ್ಟೂ ಇಳಿದು, ಅಲ್ಲೇ ಅದರ ಕಾಲು ಒರೆಸಿ ಮೇಲೆ ಬರುತ್ತಿದ್ದಳು. ಮಧ್ಯಾಹ್ನ ಮತ್ತೆ ಇಳಿದು, ಒಲೆಯ ಗುಡುಗುಡು ಸದ್ದು ಮತ್ತು ಸಪಾರನ ಗೊರಕೆಯ ನಡುವೆ ಕೂತು ನಮಾಜು ಮಾಡುತ್ತಿದ್ದಳು. ಆಮೇಲೆ ಸಂಜೆ ಆರರವರೆಗೆ ಕಂಬದ ಹಿಂದೆ.

ನಿಂತವಳಿಗೆ ಯೋಚಿಸಲು ಬಹಳ ಹೊತ್ತು ಸಿಗುತ್ತದೆ. ಮೊದಲ ವಾರ ಅವಳು ಬೆಗಿಮಾಯ್‌ಳನ್ನು ತಿರಸ್ಕರಿಸುವುದರಲ್ಲಿ ಕಳೆದಳು. ಅದರಿಂದ ಕಾಲುನೋವು ಒಂದಿಷ್ಟು ಕಡಿಮೆಯಾಗುತ್ತಿತ್ತು. ನೋಡಲು ಬರುವವರನ್ನೂ ಬಿಡಲಿಲ್ಲ. ಗುಡಾರದ ಹೊಸ್ತಿಲ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವ ಹುಡುಗಿಯರು. ಅವರ ಅಜ್ಜಿ ಕಂಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಹೆಂಡತಿಯ ಕೈಗೆ ಎರಡು ಕೋಟು, ಒಂದು ಮಗು, ಒಂದು ಚೀಲ ಕೊಟ್ಟು, ಹೆಂಗಸರ ಭವಿಷ್ಯದ ಬಗ್ಗೆ ಗಟ್ಟಿಯಾಗಿ ಮಾತಾಡುವ ಗಂಡಸರು. ‘ಎಷ್ಟು ಹಗುರ ಅನಿಸುತ್ತೆ ಇಲ್ಲಿ’ ಎಂದು ನಿಟ್ಟುಸಿರು ಬಿಟ್ಟವಳೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದು ಕುಲಿಪಾಳ ಕಾಲನ್ನೇ ತುಳಿದಳು. ಕಾಣದ ಹಾಗೆ ನಿಂತವಳಿಗೆ ಕ್ಷಮೆ ಕೇಳುವವರು ಯಾರು?

ಎರಡನೆಯ ವಾರ ಮಂಡಿ ಊದಿ ಕಾಲುಚೀಲ ಬಿಗಿಯಿತು. ಆಗ ಒಂದು ದಿನ ಕರೆಯದೇ ನೆನಪಾಗಿ ಬಂದವಳು ನೂರಿಯಾ. ಕಾರ್ಖಾನೆಯಲ್ಲಿ ಕುಲಿಪಾ ನಾಲ್ಕು ವರ್ಷ ತನ್ನ ಹೊಲಿಗೆ ಸಾಲಿನ ಮೇಲ್ವಿಚಾರಕಿಯಾಗಿದ್ದಳು. ನೂರಿಯಾ ಹೊಸ ಹುಡುಗಿ, ಕೈ ನಿಧಾನ. ಒಂದು ದಿನ ಕುಲಿಪಾ ಅವಳ ಕುರ್ಚಿ ತೆಗೆಸಿ, ಸಂಜೆಯವರೆಗೆ ನಿಂತೇ ಗುಂಡಿ ಹೊಲಿಯುವಂತೆ ಮಾಡಿದ್ದಳು. ಎಲ್ಲರೂ ನಕ್ಕಿದ್ದರು, ಕುಲಿಪಾಳೂ ನಕ್ಕಿದ್ದಳು. ಆ ಹುಡುಗಿಯ ಮುಖ ಈಗ ಅವಳಿಗೆ ನೆನಪಿಲ್ಲ, ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದದ್ದು ಮಾತ್ರ ನೆನಪಿದೆ. ಅಂದು ನೆಲಮಾಳಿಗೆಯ ನಮಾಜು ಎಂದಿಗಿಂತ ಉದ್ದವಾಯಿತು. ಹೆಂಗಸರ ರಾಜ್ಯವನ್ನು ಕುಲಿಪಾ ಯಾಕೆ ನಂಬುವುದಿಲ್ಲ ಎಂದರೆ, ಅವಳೇ ಅದರಲ್ಲಿ ನಾಲ್ಕು ವರ್ಷ ಆಳಿದ್ದಳು.

ಮೂರನೆಯ ಶನಿವಾರ. ಬಿಳಿ ಹಾಸು ಮಾಡಿದ ಹಳ್ಳಿಯ ಹೆಂಗಸರನ್ನು ಬೆಗಿಮಾಯ್ ಅಂದು ಕರೆಸಿದ್ದಳು. ಹೊರದೇಶದ ಮೂವರು ಅತಿಥಿಗಳು ಬರುವವರಿದ್ದರು, ಅವರ ಮುಂದೆ ಇವರೊಂದಿಗೆ ಒಂದು ಫೋಟೊ ಆಗಬೇಕಾಗಿತ್ತು. ಅತಿಥಿಗಳನ್ನು ಕರೆತರಲು ಅವಳು ಹೋಟೆಲಿಗೆ ಹೋಗಿದ್ದಾಗ, ಬೆಳಗಿನ ಜಾವಕ್ಕೆ ಹೊರಟು ಎರಡು ಕಣಿವೆ ದಾಟಿ ಬಂದ ಬಾಡಿಗೆ ವ್ಯಾನು ಹನ್ನೊಂದಕ್ಕೇ ಬಾಗಿಲಿಗೆ ಬಂದು ನಿಂತಿತು. ಹನ್ನೊಂದು ಜನ ಇಳಿದರು. ಎಲ್ಲರ ತಲೆಗೂ ಬಟ್ಟೆ, ಎಲ್ಲರ ಕೈಯಲ್ಲೂ ಗಂಟು. ಅವರಲ್ಲಿ ಎಂಬತ್ತನಾಲ್ಕರ ಬಾತ್ಮಾ ಅಪಾ ಎಲ್ಲರಿಗಿಂತ ಮುಂದೆ. ‘ಅಪಾ’ ಎಂದರೆ ತಾಯಿ. ಅವಳ ಬೆನ್ನು ಬಗ್ಗಿತ್ತು, ದನಿ ಬಗ್ಗಿರಲಿಲ್ಲ.

ಅವರು ಕೋಣೆಗೆ ಬಂದು ಪರದೆಗಳ ಬೆಳ್ಳಿ ಹೆಂಗಸರನ್ನು ಒಂದು ಗಳಿಗೆ ನೋಡಿದರು. “ಇವರಿಗೇನು ಹುಷಾರಿಲ್ವಾ?” ಎಂದಳು ಒಬ್ಬಳು. ಆಮೇಲೆ ಗುಡಾರ ಕಂಡಿತು. ಗುಡಾರ ಕಂಡ ಮೇಲೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಬೂಟು ಬಿಚ್ಚಿ ಹೊರಗೆ ಸಾಲಾಗಿಟ್ಟರು. ಹೊಸ್ತಿಲು ತುಳಿಯದೆ ದಾಟಿದರು. ಎದುರಿಗೆ ತ್ಯೋರ್ ಖಾಲಿ ಇತ್ತು, ತಾವೇ ಮಾಡಿದ ಬಿಳಿ ಹಾಸು ಹಾಸಿತ್ತು. ಮನೆಯವರು ಬಂದವರ ಹಿರಿಯಳಿಗಾಗಿ ಜಾಗ ಸಿದ್ಧಮಾಡಿಟ್ಟಿದ್ದಾರೆ ಎಂದು ಯಾರಿಗೆ ತಾನೇ ಅನಿಸುವುದಿಲ್ಲ? ‘ಮೇಲಕ್ಕೆ ನಡೀರಿ ಅಪಾ, ಮೇಲಕ್ಕೆ’ ಎಂದು ಎಲ್ಲರೂ ಬಾತ್ಮಾ ಅಪಾಳನ್ನು ಮುಂದೆ ತಳ್ಳಿದರು. ಅವಳು ರೂಢಿಯಂತೆ ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ಹೋಗಿ ನಾಯಕಿಯ ಪೀಠದ ಮೇಲೆ ಕಾಲು ಮಡಿಸಿ ಕೂತಳು. ಉಳಿದವರು ವಯಸ್ಸಿನ ಇಳಿಕೆಯ ಪ್ರಕಾರ ಎರಡೂ ಕಡೆ ಸಾಲಾಗಿ ಕೂತರು. ಎಲ್ಲರಿಗಿಂತ ಚಿಕ್ಕವಳು ಬಾಗಿಲ ಪಕ್ಕ. ಗಂಟುಗಳು ಬಿಚ್ಚಿಕೊಂಡವು. ನಡುವೆ ಬಟ್ಟೆ ಹಾಸಿ ದುಂಡು ರೊಟ್ಟಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೊರ್ಸೋಕ್, ಕೆನೆ, ಒಣಗಿಸಿದ ಏಪ್ರಿಕಾಟು.

ಕಂಬದ ಹಿಂದಿನಿಂದ ಕುಲಿಪಾ ಎರಡು ಹೆಜ್ಜೆ ಮುಂದೆ ಬಂದಿದ್ದಳು. ತಡೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವಳ ಕಣ್ಣೆದುರು ಯಾರೂ ಯಾವ ವಸ್ತುವನ್ನೂ ಮುಟ್ಟಿರಲಿಲ್ಲ. ಬಾಯಿ ತೆರೆದಳು. ಎಂಬತ್ತನಾಲ್ಕರ ಮುದುಕಿಯನ್ನು ತ್ಯೋರ್‌ನಿಂದ ಏಳಿ ಎನ್ನಬೇಕು. ಆ ಮಾತನ್ನು ಹೇಳಲು ಬೇಕಾದ ನಾಲಿಗೆಯನ್ನು ಅವಳ ತಾಯಿ ಅವಳಿಗೆ ಕೊಟ್ಟಿರಲಿಲ್ಲ. ಬಾಯಿ ಮುಚ್ಚಿದಳು.

“ಈ ಮನೆಯ ಒಡತಿ ಯಾರು?” ಎಂದು ಬಾತ್ಮಾ ಅಪಾ ಮೇಲಿನಿಂದ ಕೇಳಿದಳು.

“ಹೊರಗೆ ಹೋಗಿದ್ದಾಳೆ ಅಪಾ.”

“ನೆಂಟರನ್ನ ಕರೆದು ಹೊರಗೆ ಹೋದ್ಲಾ? ಚಹಾಕ್ಕೆ ನೀರಾದ್ರೂ ಇಟ್ಟು ಹೋಗಿದ್ದಾಳಾ?”

“ಇಲ್ಲಿ ಒಲೆ ಇಲ್ಲ ಅಪಾ.”

ಮುದುಕಿ ಪ್ಲಾಸ್ಟಿಕ್ ಗೋಡೆ, ಬೆಳ್ಳಿ ಕೊಳವೆ, ಎಲ್ಲವನ್ನೂ ಒಂದು ಸುತ್ತು ನೋಡಿದಳು. “ಒಲೆ ಇಲ್ಲದ ಮನೆಗೆ ಇಷ್ಟು ದೊಡ್ಡ ತ್ಯೋರ್,” ಎಂದಳು. ಬಾಗಿಲ ಪಕ್ಕದ ಚಿಕ್ಕವಳು ಬಾಯಿಗೆ ತಲೆಬಟ್ಟೆಯ ಅಂಚು ಒತ್ತಿಕೊಂಡು ನಕ್ಕಳು. “ನೀನು ಯಾಕೆ ನಿಂತಿದ್ದೀಯ ಮಗಳೇ? ಯಾವ ವರ್ಷದವಳು?”

“ಹಸುವಿನ ವರ್ಷದವಳು.”

ಅಲ್ಲಿ ಹುಟ್ಟಿದ ವರ್ಷಗಳಿಗೆ ಸರದಿಯಂತೆ ಹನ್ನೆರಡು ಪ್ರಾಣಿಗಳ ಹೆಸರು; ಇಲಿಯಾದ ಮೇಲೆ ಹಸು, ಹಸುವಾದ ಮೇಲೆ ಹುಲಿ. ಬಲಗಡೆಯ ಸಾಲಿನಲ್ಲಿ ಇಲಿಯ ವರ್ಷದವಳೂ ಹುಲಿಯ ವರ್ಷದವಳೂ ಒಬ್ಬರಿಂದೊಬ್ಬರು ಸರಿದು ಜಾಗ ಮಾಡಿದರು. ಜಾಗ ಸರಿಯಾಗಿಯೇ ಇತ್ತು, ಆದರೆ ಅದು ನೆಲದ ಮೇಲಿತ್ತು. ಮಂಡಿ ಬಗ್ಗುವುದಿಲ್ಲ, ತನ್ನ ಕುರ್ಚಿಯನ್ನು ಕೆಳಗಿಟ್ಟಿದ್ದಾರೆ ಎಂದು ಕುಲಿಪಾ ಹೇಳಬೇಕಾಯಿತು. ಯಾರು ಇಟ್ಟರು, ಯಾಕೆ ಎಂದು ಅವರು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಬ್ಬರು ಎದ್ದು ಬೂಟು ಹಾಕಿಕೊಂಡು ಹೋದರು. ಐದು ನಿಮಿಷದಲ್ಲಿ ಕುರ್ಚಿ ಮೇಲೆ ಬಂದಿತು. ಇಲಿಗೂ ಹುಲಿಗೂ ನಡುವೆ ಅದನ್ನು ಇಟ್ಟರು. ಕುಲಿಪಾ ಹದಿನೇಳು ದಿನಗಳ ಮೇಲೆ ತನ್ನ ಕೋಣೆಯಲ್ಲಿ ಕೂತಳು. ಕೈಗೆ ರೊಟ್ಟಿಯ ಚೂರು ಬಂದಿತು. ಹಣೆಗೆ ತಾಗಿಸಿ ಬಾಯಿಗೆ ಹಾಕಿಕೊಂಡಳು.

ಬೆಗಿಮಾಯ್ ಅತಿಥಿಗಳೊಂದಿಗೆ ಬಂದದ್ದು ಆಗಲೇ. ಅವಳ ಮುಖ ಸುಣ್ಣವಾಯಿತು. ನಾಯಕಿಯ ಪೀಠದ ಮೇಲೆ ಕೆನೆಯ ಬಟ್ಟಲು ಹಿಡಿದ ಮುದುಕಿ, ಮುಂದಿನ ಕಾಲದ ನೆಲದ ಮೇಲೆ ರೊಟ್ಟಿಯ ಪುಡಿ, ನಡುವೆ ಆ ಗಿಡ್ಡ ಕುರ್ಚಿ.

“ಎಜೆ, ಇವರನ್ನ ಯಾಕೆ ತಡೀಲಿಲ್ಲ?” ಎಂದಳು ಹಲ್ಲು ಕಚ್ಚಿ.

“ಇಲ್ಲಿ ಕಾವಲಿಲ್ಲ ಅಂದಿದ್ಯಲ್ಲ ತಾಯಿ.”

ಅದಕ್ಕೆ ಉತ್ತರ ಬರುವ ಮುಂಚೆ ಅತಿಥಿಗಳಲ್ಲಿ ಒಬ್ಬಳು, ನರೆಗೂದಲಿನ ಎತ್ತರದ ಹೆಂಗಸು, ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿ ಚಪ್ಪಾಳೆ ತಟ್ಟಿದಳು. ಉಳಿದಿಬ್ಬರೂ ತಟ್ಟಿದರು. ಬೆಗಿಮಾಯ್ ಒಂದು ಕ್ಷಣ ಅವರ ಕಡೆ, ಒಂದು ಕ್ಷಣ ಮುದುಕಿಯರ ಕಡೆ ನೋಡಿದಳು. ಸುಣ್ಣವಾಗಿದ್ದ ಮುಖಕ್ಕೆ ಬಣ್ಣ ಬಂದಿತು, ಆಮೇಲೆ ನಗು ಬಂದಿತು. ಅವರ ಭಾಷೆಯಲ್ಲಿ ಉದ್ದಕ್ಕೆ ಏನೋ ವಿವರಿಸಿದಳು. ಟಿಕೆಟಿನ ಹುಡುಗಿಗೆ ಆ ಭಾಷೆ ಬರುತ್ತಿತ್ತು. ಕೃತಿ ಪೂರ್ತಿಯಾಗುವುದು ಈ ತಾಯಂದಿರು ಬಂದು ಕೂತಾಗಲೇ, ಇದನ್ನು ತಾನು ಮೊದಲ ದಿನದಿಂದ ಯೋಚಿಸಿಟ್ಟಿದ್ದೆ ಎಂದಳಂತೆ. ಕುಲಿಪಾ ಸುಳ್ಳು ಕೇಳಿದ್ದಳು, ಕಾರ್ಖಾನೆ ಮುಚ್ಚಿದ ಮೇಲೆ ಬಜಾರಿನಲ್ಲಿ ಆರು ವರ್ಷ ಸಾಕ್ಸು ಮಾರಿದವಳು. ಆದರೆ ಇಷ್ಟು ಬೇಗ ಬೆಂದ ಸುಳ್ಳನ್ನು ಕಂಡಿರಲಿಲ್ಲ.

ಹಳ್ಳಿಯವರು ಹೊರಡುವಾಗ ಬಾತ್ಮಾ ಅಪಾ ಎರಡೂ ಅಂಗೈ ಎತ್ತಿ ಹರಸಿದಳು. ಮನೆಯ ಒಡತಿಗೆ ಒಂದು ಒಲೆ ಸಿಗಲಿ ಎಂದಳು. ನಿಂತವರಿಗೆ ಕೂರಲು ಸಿಗಲಿ ಎಂದಳು. ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು. ಬೆಗಿಮಾಯ್‌ಳೂ ಸವರಿಕೊಂಡಳು, ಫೋಟೊ ತೆಗೆಯುತ್ತಿದ್ದರು.

ಭಾನುವಾರ, ಸೋಮವಾರ ರಜೆ. ಮಂಗಳವಾರ ಒಂಬತ್ತೂವರೆಗೆ ಕುಲಿಪಾ ಒದ್ದೆ ಬಟ್ಟೆ ಹಿಡಿದು ಬಂದಾಗ ಕುರ್ಚಿ ನೆಲಮಾಳಿಗೆಗೆ ಹೋಗಿರಲಿಲ್ಲ. ಗುಡಾರದಲ್ಲಿ ಅವರಿಟ್ಟ ಜಾಗದಲ್ಲೇ ಇತ್ತು. ಅದರ ಸುತ್ತ ನಾಲ್ಕು ಸಣ್ಣ ಕಂಬ ನಿಲ್ಲಿಸಿ ಬೆಳ್ಳಿಯ ಹಗ್ಗ ಕಟ್ಟಿದ್ದರು. ಮೇಲಿನಿಂದ ಒಂದು ದೀಪ ಅದರ ಮೇಲೇ ಬೀಳುತ್ತಿತ್ತು. ಮುಂದೆ ಒಂದು ಚಿಕ್ಕ ಫಲಕ. ಟಿಕೆಟಿನ ಹುಡುಗಿ ಓದಿ ಹೇಳಿದಳು: ‘ಕಾಯುವವಳ ಆಸನ. ಮರ, ಶ್ರಮ, ಕಾಲ.’ ಕೆಳಗೆ ಬೆಗಿಮಾಯ್‌ಳ ಹೆಸರು. ಅದರ ಕೆಳಗೆ, ಮುಟ್ಟಬೇಡಿ.

ಕುಲಿಪಾ ಬಟ್ಟೆ ಹಿಡಿದು ಹಗ್ಗದ ಈಚೆ ನಿಂತಳು. ಬೇರೆ ಯಾರಾದರೂ ಆಗಿದ್ದರೆ ಹಗ್ಗ ಕಿತ್ತೆಸೆಯುತ್ತಿದ್ದರು. ಆದರೆ ಹಗ್ಗ ಕಟ್ಟಿದ ವಸ್ತುವನ್ನು ಮುಟ್ಟಬಾರದು ಎಂದು ಹತ್ತೊಂಬತ್ತು ವರ್ಷ ಮಕ್ಕಳಿಗೂ ಮಂತ್ರಿಗಳಿಗೂ ಹೇಳಿದವಳು ಅವಳು. ಕೈ ಮುಂದೆ ಹೋಗಲಿಲ್ಲ. ಅವಳು ಮೆಲ್ಲಗೆ ಕಂಬದ ಹಿಂದಕ್ಕೆ ಹೋಗಿ ನಿಂತಳು. ಇನ್ನೂ ಕೆಟ್ಟದ್ದೆಂದರೆ, ಯಾರೋ ಹುಡುಗ ಕುರ್ಚಿಯ ಕಡೆ ಬೆರಳು ಚಾಚಿದಾಗ, ‘ಮುಟ್ಟಬೇಡ’ ಎಂದು ಎಂದಿನ ದನಿ ತಾನಾಗಿ ಹೊರಬಿತ್ತು. ತನ್ನ ಕುರ್ಚಿಯನ್ನು ತನ್ನಿಂದಲೇ ಕಾಯುವ ಕೆಲಸ ಅವಳಿಗೆ ಬಂದಿತ್ತು. ಆ ದಿನ ಕುರ್ಚಿ ಒರೆಸಲಿಲ್ಲ. ನಮಾಜನ್ನು ಕಂಬಕ್ಕೆ ಒರಗಿ ನಿಂತು ಮಾಡಿದಳು. ಬುಧವಾರವೂ ಹಾಗೇ. ಗುಲ್ಬೂಬು ಮಾತ್ರ ಬಂದು ಹೊಟ್ಟೆಕಿಚ್ಚಿನಿಂದ ನೋಡಿ ಹೋದಳು. “ಭಾಗ್ಯ ಎಜೆ ನಿನ್ನದು. ನನ್ನ ಕುರ್ಚಿಯನ್ನ ಯಾರಾದ್ರೂ ಹೀಗೆ ಮಾಡ್ತಾರಾ?”

ಗುರುವಾರ ಬೆಳಿಗ್ಗೆ ದೀಪದ ಕೆಳಗೆ ಕುರ್ಚಿಯ ಕಾಲುಗಳ ಮೇಲೆ ಧೂಳು ಕಂಡಿತು. ಐದು ದಿನದ ಧೂಳು, ಬೆರಳಿನಲ್ಲಿ ಹೆಸರು ಬರೆಯುವಷ್ಟು. ಕುಲಿಪಾ ಅದನ್ನು ನೋಡುತ್ತ ನಿಂತಳು. ತನ್ನ ಮೇಲೆಯೇ ಅವಳಿಗೆ ಎಷ್ಟು ಅಸಹ್ಯವಾಯಿತೆಂದರೆ, ಬೆಗಿಮಾಯ್‌ಳ ಪಾಲಿಗೆ ಏನೂ ಉಳಿಯಲಿಲ್ಲ. ಅವಳು ತಿರುಗಿ ನೇರವಾಗಿ ರೋಜಾ ತೆಮಿರೊವ್ನಾಳ ಕೋಣೆಗೆ ಹೋದಳು.

“ರೋಜಾ ತೆಮಿರೊವ್ನಾ, ವಸ್ತುಗಳ ಪುಸ್ತಕ ತೆಗೆದು ನೋಡಿ. ನನ್ನ ಕುರ್ಚಿ ಅದರಲ್ಲಿ ಇದೆಯಾ?”

ಮುಖ್ಯಸ್ಥೆ ಪುಸ್ತಕ ತೆಗೆದಳು. ಮೂರನೆಯ ಕೋಣೆಯ ಪುಟದಲ್ಲಿ ಬೆರಳಾಡಿಸಿದಳು, ತಿರುವಿ ಹಿಂದಿನ ಪುಟ ನೋಡಿದಳು. ಎಲ್ಲವೂ ಇತ್ತು, ಬಕೆಟ್ಟು ಸಹ ಇತ್ತು. ಕುರ್ಚಿ ಇರಲಿಲ್ಲ. ಅವಳು ಪುಸ್ತಕ ಮುಚ್ಚಿ ಕನ್ನಡಕ ತೆಗೆದು, ಈ ಮೂರು ವಾರದಲ್ಲಿ ಮೊದಲ ಸಲ ಕುಲಿಪಾಳ ಮುಖ ನೋಡಿದಳು.

“ನಮ್ಮದಲ್ಲ,” ಎಂದಳು. “ಅವಳದೂ ಅಲ್ಲ. ನಮ್ಮದಲ್ಲದ್ದರ ಬಗ್ಗೆ ನಾನು ಯಾರಿಗೂ ಏನೂ ಹೇಳೋ ಹಾಗಿಲ್ಲ, ಕುಲಿಪಾ. ನಿನಗೂ, ಅವಳಿಗೂ.”

ಕುಲಿಪಾಗೆ ಅಷ್ಟು ಸಾಕಾಗಿತ್ತು. ಮೂರನೆಯ ಕೋಣೆಗೆ ಬಂದು ಬೆಳ್ಳಿ ಹಗ್ಗದ ಕೊಕ್ಕೆ ಬಿಚ್ಚಿ, ಸುತ್ತಿ, ನಾಯಕಿಯ ಪೀಠದ ಮೇಲಿಟ್ಟಳು. ಕುರ್ಚಿಯನ್ನು ಎತ್ತಿಕೊಂಡು ಗುಡಾರದಿಂದ ಹೊರಬಂದು, ಬಾಗಿಲಿಗೆ ಎದುರಾಗಿ ಅದರ ಹಳೆಯ ಜಾಗಕ್ಕೆ ತಂದು ತಲೆಕೆಳಗು ಮಾಡಿದಳು. ಎರಡನೆಯ ಕಾಲು ಒರೆಸುತ್ತಿದ್ದಾಗ ಬೆಗಿಮಾಯ್ ಬಂದಳು. ಖಾಲಿಯಾದ ದೀಪದ ವೃತ್ತವನ್ನು ನೋಡಿದಳು. ಕೂಗಾಡಲಿಲ್ಲ, ಕೂಗಾಡುವವರು ಇಷ್ಟು ಮೇಲೆ ಬರುವುದಿಲ್ಲ. ಮುಖ್ಯಸ್ಥೆಯ ಕೋಣೆಯ ಕಡೆ ಹೋಗಿ ಎರಡೇ ನಿಮಿಷದಲ್ಲಿ ವಾಪಸು ಬಂದು, ಕುಲಿಪಾಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ದನಿಗೆ ಜೇನು ಹಚ್ಚಿಕೊಂಡಳು.

ಆ ನರೆಗೂದಲಿನ ಅತಿಥಿಗೆ ಕುರ್ಚಿ ಬಹಳ ಹಿಡಿಸಿದೆಯಂತೆ. ಬೇಸಗೆಯಲ್ಲಿ ಜರ್ಮನಿಯ ದೊಡ್ಡ ಪ್ರದರ್ಶನಕ್ಕೆ ಅದು ಹೋಗಬೇಕಂತೆ. ಕುಲಿಪಾ ಒಪ್ಪಿದರೆ ಫಲಕದಲ್ಲಿ ಅವಳ ಹೆಸರನ್ನೂ ಹಾಕಿಸುತ್ತಾಳೆ, ತನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ. ಕುಲಿಪಾಳನ್ನೂ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ದಿನಕ್ಕೆ ಒಂದು ಗಂಟೆ ತನ್ನ ಕುರ್ಚಿಯ ಮೇಲೆ ತಾನೇ ಕೂತರೆ ಸಾಕು, ಏನೂ ಮಾಡಬೇಕಾಗಿಲ್ಲ. ಇಲ್ಲಿಗೆ ಹೊಸ ಕುರ್ಚಿ ನಾಳೆಯೇ ಬರುತ್ತದೆ. ಚರ್ಮದ್ದು, ಚಕ್ರ ಇರುವುದು, ಬೆನ್ನಿಗೆ ಮೆತ್ತೆ.

“ನಿಮ್ಮಂಥವರನ್ನ ಜಗತ್ತು ನೋಡ್ಬೇಕು ಎಜೆ. ನಾನು ಇದೆಲ್ಲ ಮಾಡ್ತಿರೋದು ನಿಮಗೋಸ್ಕರ.”

ಕುಲಿಪಾ ಮೂರನೆಯ ಕಾಲು ಒರೆಸಿದಳು. ನಾಲ್ಕನೆಯ ಕಾಲಿನ ಬುಡದಲ್ಲಿ ಧೂಳು ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೆಗೆದಳು. ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಿ ನೋಡಿದಳು. ಅಲುಗಾಡಲಿಲ್ಲ. ‘ಬಿಸ್ಮಿಲ್ಲಾ’ ಎಂದು ಕೂತು ಎಡಗಾಲನ್ನು ಮುಂದೆ ಚಾಚಿದಳು. ಹೊರಗೆ ಟಿಕೆಟಿನ ಹುಡುಗಿ ಬೀಗ ತೆಗೆಯುವ ಸದ್ದು ಕೇಳಿಸಿತು.

“ಬೇಡ ತಾಯಿ,” ಎಂದಳು. “ಹತ್ತಾಯ್ತು. ಸ್ವಲ್ಪ ಆ ಕಡೆ ಸರಿ, ಬಾಗಿಲು ಕಾಣ್ತಾ ಇಲ್ಲ.”